ಮಹಾರಾಜನೂ ಹಿಟ್ಟಿನ ಚೀಲವೂ

ಕೈಯಲ್ಲಿ ಬರೆದ ಗೊಂಬೆಗೆ ಜೀವ ತುಂಬಿ ಪರದೆಯ ಮೇಲೆ ಓಡಾಡಿಸುವ ವಿದ್ಯೆ ಕಲಿಸುತ್ತೇನೆಂದು ಕರೆದು, ಮೊದಲ ದಿನವೇ ಹಿಟ್ಟಿನ ಚೀಲ ಬರೆಯಿರಿ ಎನ್ನುವ ಗುರುವಿಗೆ ಏನೆನ್ನಬೇಕು? ನಾನು ಮನಸ್ಸಿನಲ್ಲಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

"ಅರ್ಧ ತುಂಬಿದ ಚೀಲ, ಸಾರ್. ಕಣ್ಣಿಲ್ಲ, ಮೂಗಿಲ್ಲ. ಆದರೂ ಅದು ನಡೀಬೇಕು, ಕೂರಬೇಕು, ಬೇಜಾರು ಮಾಡ್ಕೋಬೇಕು. ಭಾರ ಕಾಣಬೇಕು," ಎಂದರು ಮೇಡಂ. (ಮೇಡಂಗೆ ನನ್ನ ಮಗಳ ವಯಸ್ಸು.) ತಿಂಗಳ ಕೊನೆಗೆ ಮೇಲಿನ ತರಗತಿಗೆ ಒಬ್ಬರಿಗೆ ಮಾತ್ರ ಸೀಟು. ಅದು ನನಗೇ ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದೆ. (ದಂತವೈದ್ಯರಿಗೆ, ಅವರು ಹಲ್ಲು ಕೀಳುತ್ತಿರುವಾಗಲೇ ಹೇಳಿದ್ದೆ.)

ನನ್ನ ಮೇಲೊಂದು ಕಣ್ಣಿಡಲು ಜೊತೆಗೇ ಸೇರಿದ್ದ ನನ್ನಾಕೆ ವಿಧೇಯಳಾಗಿ ಚೀಲ ಬರೆಯತೊಡಗಿದಳು. ನಾನು ಬರೆದದ್ದು ಮಹಾರಾಜನನ್ನು! ಕಿರೀಟದಲ್ಲಿ ಹದಿನೇಳು ಹರಳು, ಚೌಕುಳಿ ಅಂಗಿ, ಎಳೆ ಎಳೆ ಎಣಿಸಬಹುದಾದ ಮೀಸೆ.

"ರೀ, ಒಂದು ಹೆಜ್ಜೆ ಇಡೋಕೆ ಹನ್ನೆರಡು ಹಾಳೆ ಬೇಕು. ಹನ್ನೆರಡು ಸಲವೂ ಅಷ್ಟೂ ಹರಳು ಬರೀತೀರಾ?"

"ನೀನು ನಿನ್ನ ಚೀಲ ನೋಡ್ಕೋ. ಇದು ಕಲೆ."

ಆ ಕಲೆ ನನ್ನ ಬೆನ್ನು ಮುರಿಯಿತು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆಯಿಟ್ಟು ಬರೆದೂ ಬರೆದೂ, ಐದನೆಯದರಲ್ಲಿ ಹರಳು ಹದಿನಾಲ್ಕಾದವು. ಒಂಬತ್ತನೆಯದರಲ್ಲಿ ಮೀಸೆ ಕಿವಿ ಮುಟ್ಟಿತು. ಅವಳೋ, ಮನೆಯಲ್ಲಿ ಸೋಫಾದ ಕಡೆ ನೋಡುವುದು, ಎರಡು ಗೆರೆ ಎಳೆಯುವುದು. ಸೋಫಾದಲ್ಲಿ ಬೆನ್ನುನೋವೆಂದು ಬಿದ್ದುಕೊಂಡಿದ್ದ ನನ್ನನ್ನು ಬಿಟ್ಟರೆ ಏನೂ ಇರಲಿಲ್ಲ. (ಪಾಪ, ಮಾದರಿಗೆ ಒಂದು ಚೀಲವೂ ಸಿಕ್ಕಿಲ್ಲವಲ್ಲ ಎಂದು ಮರುಗಿದೆ.)

ಪರೀಕ್ಷೆಯ ದಿನ ಪರದೆಯ ಮೇಲೆ ನನ್ನ ಮಹಾರಾಜ ದಯಮಾಡಿಸಿದ. ಹರಳುಗಳು ಕುಣಿದವು, ಅಂಗಿಯ ಚೌಕಗಳು ಇರುವೆಗಳ ಹಾಗೆ ಹರಿದಾಡಿದವು, ಕಾಲು ಮಾತ್ರ ನೆಲ ಮುಟ್ಟಲಿಲ್ಲ.

"ಪ್ರಭುಗಳಿಗೆ ಚಳಿಜ್ವರವಾ?" ಎಂದಿತು ಹಿಂದಿನ ಬೆಂಚು. ರಸವರಿಯದ ಮೂಢರು!

ಆಮೇಲೆ ಅವಳ ಚೀಲ ಬಂತು. ಸೋಫಾದಿಂದ ಏಳಲು ಹೋಗಿ ಎರಡು ಸಲ ಕುಸಿಯಿತು. ಕೊನೆಗೂ ಎದ್ದು, ಸೊಂಟ ಹಿಡಿದುಕೊಂಡು ಮೇಜಿನತ್ತ ತೆವಳಿತು. ಅಲ್ಲಿ ತಾನೇ ಬರೆದಿಟ್ಟಿದ್ದ ಚಿತ್ರ ನೋಡಿ ಹೆಮ್ಮೆಯಿಂದ ಉಬ್ಬಿತು, ಉಬ್ಬಿದ ಭಾರಕ್ಕೇ ಹಿಂದಕ್ಕೆ ಉರುಳಿತು. ನಾನೂ ಹೊಟ್ಟೆ ಹಿಡಿದು ನಕ್ಕೆ, ಯಾವನಪ್ಪಾ ಈ ಸೋಮಾರಿ ಎಂದು. ತಿರುಗಿ ನೋಡಿದರೆ, ಎಲ್ಲರ ಕಣ್ಣೂ ಪರದೆ ಬಿಟ್ಟು ನನ್ನ ಮೇಲಿತ್ತು.

ಸೀಟು ಅವಳಿಗೆ ಹೋಯಿತು. ಮೇಡಂ ನನ್ನ ಬಳಿ ಬಂದು ಕೈಮುಗಿದರು. "ಸಾರ್, ಮೇಲಿನ ತರಗತಿಗೆ ನೀವೂ ಬರಲೇಬೇಕು."

ನನ್ನೆದೆ ಅರಳಿತು. "ಪೆನ್ಸಿಲ್ ಎಷ್ಟು ತರಲಿ?"

"ಪೆನ್ಸಿಲ್ ಬೇಡ. ಸುಮ್ನೆ ಕೂತಿರಿ, ಆಗಾಗ ಏಳಿ. ಎಲ್ಲರೂ ನೋಡಿ ಬರ್ಕೋತಾರೆ."

"ಕೂರೋದನ್ನೇ ಬರ್ಕೊಳ್ಳಲಿ ಬಿಡಿ," ಎಂದಳು ನನ್ನಾಕೆ. "ಇವರು ಏಳೋವರೆಗೂ ಕಾದರೆ ಕೋರ್ಸೇ ಮುಗಿದುಹೋಗುತ್ತೆ."