ಸಿದ್ದರಾಜು ಮಂಜು ನೋಡಲು ಹೊರಟದ್ದು

ಸಿದ್ದರಾಜು ಫೋನಿನಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯನಾಗಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಮೂವತ್ತೆರಡು ವರ್ಷ ಅಕ್ಕಿಹೆಬ್ಬಾಳಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿ, ಕ್ಯಾನುಗಳ ಗಡಗಡ ಸದ್ದಿನ ಮೇಲೆ ಹೆಸರು ಕೂಗಿ ಕೂಗಿ, ಅವನ ಗಂಟಲು ಪಿಸುಮಾತನ್ನೇ ಮರೆತಿತ್ತು. ಅವನು ಗುಟ್ಟು ಹೇಳಿದರೆ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆಯೆತ್ತಿ "ಆಮೇಲೆ?" ಅನ್ನುತ್ತಿದ್ದರು.

ಅವತ್ತು ಬೆಳಗ್ಗೆ ಹಿತ್ತಿಲ ಗೋಡೆಗೆ ಒರಗಿಕೊಂಡು ಅವನು ಗೆಳೆಯನಿಗೆ ಹೇಳಿದ್ದು ಇಷ್ಟೇ:

"ಲೇ ಶಂಕ್ರ, ಬೇಗ ಬಾರ್ಲಾ. ಸಾಯೋದ್ರೊಳಗೆ ಒಂದ್ಸಲ ಮಂಜು ನೋಡ್ಬೇಕು ಕಣ್ಲಾ. ಬರೀ ನೋಡಿದ್ರೆ ಸಾಲ್ದು, ಮೈಮೇಲೆ ಬೀಳ್ಬೇಕು. ಪುಟ್ಟಗೌರಂಗೆ ಮಾತ್ರ ಗೊತ್ತಾಗೋದು ಬ್ಯಾಡ."

ಗೋಡೆಯಾಚೆ ಸಗಣಿ ಬಾಚುತ್ತಿದ್ದ ಪಕ್ಕದ ಮನೆ ಚಿಕ್ಕಬೋರಮ್ಮ ಬಾಚುವುದನ್ನು ನಿಲ್ಲಿಸಿದಳು.

ಸಿದ್ದರಾಜು ಹೇಳಿದ್ದು ಹಿಮಾಲಯದ ಮಂಜು. ಬಾಬುರಾಯನಕೊಪ್ಪಲಿನ ಶಂಕರ ಅವನ ಹೈಸ್ಕೂಲು ಗೆಳೆಯ. ಲಾರಿ ಡ್ರೈವರಾಗಿ ಹಿಮಾಚಲಕ್ಕೆ ಹೋಗಿ ಸೇಬು ತುಂಬಿಕೊಂಡು ಬರುತ್ತಿದ್ದವನು. ಬಂದಾಗಲೆಲ್ಲ ನಾಲ್ಕು ಸೇಬು ಕೊಟ್ಟು, ನಲವತ್ತು ಸೇಬಿನಷ್ಟು ಮಾತಾಡಿ ಹೋಗುತ್ತಿದ್ದ. "ಅಂಗೈ ಚಾಚಿದ್ರೆ ಬಂದು ಕೂತ್ಕತದೆ ಕಣ್ಲಾ, ಪಾರಿವಾಳದ ಪುಕ್ಕದಂಗೆ" ಅನ್ನುತ್ತಿದ್ದ. ಅವನು ಹೋದ ಮೇಲೆ ಸಿದ್ದರಾಜು ಫ್ರಿಜ್ಜಿನ ಮೇಲ್ಗಡೆ ಬಾಗಿಲು ತೆಗೆದು, ಒಳಗೆ ಕಟ್ಟಿದ್ದ ಬಿಳಿಯನ್ನು ಚಮಚದಲ್ಲಿ ಕೆರೆದು, ಅಂಗೈಯಲ್ಲಿ ಇಟ್ಟುಕೊಂಡು ಅದು ನೀರಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದ. ಡೈರಿಗೆ ರಜವಿಲ್ಲ, ಹಸು ಭಾನುವಾರ ಅಂತ ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ವರ್ಷಗಳು ಹಾಗೇ ಕಳೆದವು.

ಈಗ ರಿಟೈರಾಗಿದ್ದ. ಶಂಕರನೂ ಲಾರಿ ಬಿಟ್ಟು, ಯಾವುದೋ ಶಾಲೆಯವರು ಮಾರಿದ ಹಳೇ ವ್ಯಾನು ತಗೊಂಡು, ಸೀಟು ಕಿತ್ತು, ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟ್ಯಾಂಕು, ಕಿಟಕಿಗೆ ಹೂವಿನ ಪರದೆ ಎಲ್ಲ ಹಾಕಿಸಿ ಓಡಾಡುವ ಮನೆ ಮಾಡಿದ್ದ. ಹಳದಿ ಬಣ್ಣ ಮಾತ್ರ ಹಾಗೇ ಇತ್ತು. ಹಿಂದುಗಡೆ "ನಿಧಾನ, ಮಕ್ಕಳಿದ್ದಾರೆ" ಅನ್ನುವುದೂ ಇತ್ತು.

ಐಸು ನೋಡಲು ಅಷ್ಟು ದೂರ ಹೋಗುತ್ತೇನೆಂದರೆ ಹೆಂಡತಿ ಪುಟ್ಟಗೌರಮ್ಮ ಬಿಡುವುದಿಲ್ಲ ಅಂತ ಸಿದ್ದರಾಜು ತಾನೇ ತೀರ್ಮಾನ ಮಾಡಿಕೊಂಡಿದ್ದ. ಅದಕ್ಕೇ ಹೇಳಿದ್ದು: "ಶಂಕ್ರಂದು ಹರಕೆ ಅದಂತೆ. ಗಂಡಸ್ರೇ ಹೋಗ್ಬೇಕಂತೆ. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ದರ್ಶನ ಮಾಡ್ಕಂಡು, ಅಂಗೇ ನಾಕು ಕ್ಷೇತ್ರ ಸುತ್ಕಂಡು ಬತ್ತೀನಿ." ಮಂಜುವಿನ ಮುಂದೆ ನಾಥ ಸೇರಿಸಿದರೆ ಅದು ಪೂರ್ತಿ ಸುಳ್ಳಲ್ಲ, ಮುಕ್ಕಾಲು ಸುಳ್ಳು ಅನ್ನುವುದು ಅವನ ಸಮಾಧಾನ.

ಪುಟ್ಟಗೌರಮ್ಮ ರವೆ ಉಂಡೆ ಕಟ್ಟಿಕೊಟ್ಟಳು. ವ್ಯಾನಿನೊಳಗೆ ಇಣುಕಿ, ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ ನೋಡಿ, "ಒಳ್ಳೆ ಮನೆ ಇದ್ದಂಗದೆ ಬುಡು ಶಂಕ್ರಣ್ಣ" ಅಂದು ಹಿಂದೆ ಸರಿದಳು.

ವ್ಯಾನು ಊರು ದಾಟಿತು. ಜನವರಿಯ ಇಬ್ಬನಿ ಕಬ್ಬಿನ ಗದ್ದೆಗಳ ಮೇಲೆ ಹಾಲಿನ ಕೆನೆಯ ಹಾಗೆ ಕೂತಿತ್ತು. ಸಿದ್ದರಾಜು ಕಿಟಕಿಯಿಂದ ಕೈ ಹೊರಗೆ ಚಾಚಿದ.

"ಈಗ್ಲೇ ಯಾಕ್ಲಾ ಕೈ ಚಾಚ್ತೀಯೆ? ಇನ್ನೂ ಮೂರು ಸಾವ್ರ ಕಿಲೋಮೀಟರ್ ಅದೆ" ಅಂದ ಶಂಕರ.

"ಅಭ್ಯಾಸ ಮಾಡ್ಕತಾವ್ನಿ ಸುಮ್ಕಿರ್ಲಾ."

ಕೆ.ಆರ್. ಪೇಟೆಯಲ್ಲಿ ಯಡವಟ್ಟಾಯಿತು. ಧರ್ಮಸ್ಥಳಕ್ಕೆ ಹೋಗುವವರು ಕಿಕ್ಕೇರಿ ಕಡೆ ತಿರುಗಬೇಕು. ಹಿಮಾಲಯಕ್ಕೆ ಹೋಗುವವರು ನಾಗಮಂಗಲದ ಕಡೆ ತಿರುಗಬೇಕು. ಹಳದಿ ವ್ಯಾನು ನಾಗಮಂಗಲದ ಕಡೆ ತಿರುಗಿದ್ದನ್ನು, ಮಾಕವಳ್ಳಿಯಿಂದ ಪೇಟೆಗೆ ಬಂದು ಇಡ್ಲಿ ತಿನ್ನುತ್ತಿದ್ದ ಪುಟ್ಟಗೌರಮ್ಮನ ತಮ್ಮ ಶಿವಣ್ಣ ನೋಡಿದ. ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ಅಕ್ಕನಿಗೆ ಫೋನು ಮಾಡಿದ.

ಐದು ನಿಮಿಷಕ್ಕೆ ಸಿದ್ದರಾಜುವಿನ ಫೋನು ಬಡಿದುಕೊಂಡಿತು.

"ಎಲ್ಲಿಗ್ ಬಂದ್ರಿ?"

"ಕಿಕ್ಕೇರಿ ದಾಟ್ತಾ ಇದೀವಿ ಕಣೆ."

ಸರಿಯಾಗಿ ಅದೇ ಹೊತ್ತಿಗೆ ಪಕ್ಕದಲ್ಲಿ ಹಾದುಹೋದ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕ್ಲೀನರು ಗಂಟಲು ಹರಿದುಕೊಂಡ: "ನಾಗ್ಮಂಗ್ಲ ನಾಗ್ಮಂಗ್ಲ ನಾಗ್ಮಂಗ್ಲಾ!"

"ಅದ್ಯಾರು?"

"ಯಾವನೋ... ದಾರಿ ತಪ್ಪವ್ನೆ, ಪಾಪ."

"ಊಂ" ಅಂದಳು ಪುಟ್ಟಗೌರಮ್ಮ. ಆ ಊಂ ಕೇಳಿ ಸಿದ್ದರಾಜುವಿಗೆ ಹಿಮಾಲಯಕ್ಕೆ ಹೋಗುವ ಮೊದಲೇ ಚಳಿ ಹತ್ತಿತು.

ಊರಲ್ಲಿ ಅಷ್ಟು ಹೊತ್ತಿಗೆ ಚಿಕ್ಕಬೋರಮ್ಮ ಪುಟ್ಟಗೌರಮ್ಮನ ಜಗಲಿ ಮೇಲೆ ಕೂತಾಗಿತ್ತು. "ನಾನು ಚಾಡಿ ಹೇಳೋಳಲ್ಲ ಕಣಮ್ಮಿ" ಅಂತ ಶುರುಮಾಡಿದಳು. ಆ ಮಾತಿನ ನಂತರ ಚಾಡಿ ಬಿಟ್ಟು ಬೇರೇನೂ ಬರದು ಅಂತ ಇಡೀ ಊರಿಗೆ ಗೊತ್ತು. "ನಿನ್ ಗಂಡ ಯಾರೋ ಮಂಜು ಅನ್ನೋಳ್ನ ನೋಡಕ್ ಹೋಗವ್ನೆ. ಮೈಮೇಲೆ ಬೀಳ್ಬೇಕು ಅಂದ ಕಣಮ್ಮಿ. ನಾನೇ ಈ ಕಿವೀಲಿ ಕೇಳಿಸ್ಕಂಡೆ. ಹಾಸಿಗೆ ಬೇರೆ, ಪರದೆ ಬೇರೆ!"

ನಾಗಮಂಗಲ ಇನ್ನೂ ಮೂರು ಕಿಲೋಮೀಟರ್ ಇದೆ ಅನ್ನುವಾಗ ವ್ಯಾನಿನ ಮೂತಿಯಿಂದ ಬುಸ್ ಅಂತ ಹಬೆ ಎದ್ದಿತು. ರೇಡಿಯೇಟರಿನ ಪೈಪು ಒಡೆದಿತ್ತು. ಶಂಕರ ಯಾರದೋ ಬೈಕು ಹತ್ತಿ ಪೈಪು ತರಲು ಹೋದ. ಸಿದ್ದರಾಜು ರಸ್ತೆ ಬದಿಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ಫೋನು ಮತ್ತೆ ಬಂತು.

"ಈಗ ಎಲ್ಲಿದ್ದೀರಿ?"

"ಚನ್ನರಾಯಪಟ್ಣದ ತಾವ. ಇಲ್ಲೊಂದ್ ಟೀ ಕುಡೀತಾವ್ನಿ."

ಅಂಗಡಿಯ ಯಜಮಾನ ಚೌಡಯ್ಯ ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳನ್ನು ಕೂಗಿದ. "ಮಂಜೂ! ಯಜಮಾನ್ರು ಒಬ್ರೇ ಕೂತವ್ರೆ, ಏನ್ ಬೇಕು ನೋಡವ್ವಾ!"

ಆ ಕಡೆ ಫೋನು ಕಟ್ಟಾಯಿತು.

ಸಿದ್ದರಾಜು ತಿರುಗಿ ಮಾಡಿದ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಚಿಕ್ಕಬೋರಮ್ಮ ಎತ್ತಿ, "ಬತ್ತಾ ಇದೀವಿ" ಅಂತ ಒಂದೇ ಮಾತು ಹೇಳಿ ಇಟ್ಟಳು.

ಶಂಕರ ಪೈಪು ತಂದು, ಅದು ಹೊಂದದೆ ಮತ್ತೆ ಹೋಗಿ, ಇನ್ನೊಂದು ತಂದು ಬಿಗಿಯುವ ಹೊತ್ತಿಗೆ ಎರಡು ಗಂಟೆ ಆಗಿತ್ತು. ಆಗಲೇ ಅವರೂರಿನ ಲೋಕೇಶನ ಗೂಡ್ಸ್ ಆಟೋ ಹಳದಿ ವ್ಯಾನು ಕಂಡು ಬಂದು ನಿಂತಿತು. ಮುಂದೆ ಶಿವಣ್ಣ. ಹಿಂದೆ, ಎಲೆಕೋಸು ಸಾಗಿಸುವ ಜಾಗದಲ್ಲಿ, ಪುಟ್ಟಗೌರಮ್ಮ ಮತ್ತು ಚಿಕ್ಕಬೋರಮ್ಮ. ಇಬ್ಬರ ತಲೆಯೂ ಗಾಳಿಗೆ ಕೆದರಿ ಮಾರಮ್ಮನ ಹಾಗಿತ್ತು.

ಚಿಕ್ಕಬೋರಮ್ಮ ಯಾರನ್ನೂ ಮಾತಾಡಿಸದೆ ಸೀದಾ ವ್ಯಾನಿಗೆ ಹತ್ತಿದಳು. ಪರದೆ ಎಳೆದಳು. ಹಾಸಿಗೆಯ ಕೆಳಗೆ ನೋಡಿದಳು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಅದರೊಳಗೂ ನೋಡಿದಳು.

"ಡಬ್ಬೀಲಿರೋದು ಅಕ್ಕಿ ಕಣ್ ಬೋರಕ್ಕ," ಅಂದ ಶಂಕರ, ಏನೊಂದೂ ಅರ್ಥವಾಗದೆ. "ಏನ್ನ ಹುಡುಕ್ತಿದ್ದೀಯೆ?"

"ಸಿಕ್ತು!" ಅಂತ ಕೂಗಿ ಅವಳು ಒಂದು ಜೊತೆ ಕೈಗವಸು ಎತ್ತಿ ಹಿಡಿದಳು. ಗುಲಾಬಿ ಬಣ್ಣದ್ದು. ಪೇಟೆಯ ಸಂತೆಯಲ್ಲಿ ಸಿಕ್ಕಿದ್ದು ಅದೊಂದೇ ಬಣ್ಣ. "ಇದ್ಯಾರ್ ಕೈಗೆ? ನಿನ್ ಕೈಗಾ ಸಿದ್ದರಾಜಣ್ಣ, ಈ ಕಲರು?"

ಟೀ ಅಂಗಡಿಯಲ್ಲಿದ್ದ ಏಳೆಂಟು ಜನ ಲೋಟ ಹಿಡಿದುಕೊಂಡೇ ಸುತ್ತ ನಿಂತರು. ವಿಷಯ ತಿಳಿಯದಿದ್ದರೂ, ತಪ್ಪು ಸಿದ್ದರಾಜುವಿನದೇ ಅಂತ ಎಲ್ಲರಿಗೂ ಖಾತ್ರಿಯಾಗಿತ್ತು.

"ಭಾವ," ಅಂದ ಶಿವಣ್ಣ, "ನಾಕು ಜನ್ರ ಮುಂದೆ ಜಾಸ್ತಿ ಮಾತು ಬ್ಯಾಡ. ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಡಿ. ಮಂಜು ನೋಡಕ್ ಹೋಯ್ತಿಲ್ಲ ಅಂತ ಒಂದ್ ಮಾತು ಅನ್ನಿ. ನಮ್ಮಕ್ಕ ತಿರುಗಿ ಮನೆಗ್ ಹೋಯ್ತಾಳೆ."

ಸಿದ್ದರಾಜು ಬಾಯಿ ತೆರೆದ. ಮುಚ್ಚಿದ. ಮಂಜು ನೋಡಲು ಹೋಗುತ್ತಿಲ್ಲ ಅಂತ ಹೇಗೆ ಆಣೆ ಇಡುವುದು? ಹೋಗುತ್ತಿರುವುದೇ ಅದಕ್ಕೆ. ಬೇರೆ ದೇವರಾದರೆ ಹೇಗೋ ಕಾಡಿ ಬೇಡಿ ಸರಿಮಾಡಿಕೊಳ್ಳಬಹುದು. ಆ ದೇವರ ಹೆಸರಲ್ಲಿ ಆಗಲೇ ಒಂದು ಸುಳ್ಳು ಹೇಳಿಯಾಗಿದೆ, ಅದರ ಮೇಲೆ ಇನ್ನೊಂದೇ?

"ನೋಡಿದ್ರಾ, ಬಾಯಿ ಬರಕ್ಕಿಲ್ಲ!" ಅಂದಳು ಚಿಕ್ಕಬೋರಮ್ಮ.

"ಅಯ್ಯೋ, ಮಂಜು ಅಂದ್ರೆ ಮಂಜು ಕಣಮ್ಮಾ!" ಸಿದ್ದರಾಜು ಕೂಗಿದ. "ಬೀಳೋ ಮಂಜು! ಬೆಟ್ಟದ ಮೇಲೆ ಬೀಳ್ತದಲ್ಲ, ಬೆಳ್ಳಗೆ, ಅದು! ಅದ್ನ ನೋಡಕ್ ಹೋಯ್ತಿದ್ದೆ!"

ಚೌಡಯ್ಯ ಕನಿಕರದಿಂದ ಹೇಳಿದ. "ಯಜಮಾನ್ರೇ, ಸುಳ್ಳೇಳಿದ್ರೂ ನಂಬಂಗಿರ್ಬೇಕು. ಮಂಜು ದಿನಾ ಬೆಳಗ್ಗೆ ನಮ್ಮಂಗ್ಡಿ ಮುಂದೇನೇ ಇರ್ತದಲ್ಲ."

ಶಂಕರನಿಗೆ ಈಗ ಅರ್ಥವಾಯಿತು. ನಗಲು ಹೋಗಿ, ಪುಟ್ಟಗೌರಮ್ಮನ ಮುಖ ನೋಡಿ ನಿಲ್ಲಿಸಿದ. ತನ್ನ ಫೋನು ತೆಗೆದು, ಹಿಂದೆಂದೋ ಲಾರಿಯ ಮುಂದಿನ ಗಾಜಿನಿಂದ ಹಿಡಿದ ವಿಡಿಯೋ ಹಾಕಿ ಅವಳ ಕೈಗೆ ಕೊಟ್ಟ. ದೇವದಾರು ಮರಗಳು, ತಿರುವಿನ ರಸ್ತೆ, ಆಕಾಶವೇ ಸಣ್ಣಗೆ ಉದುರುತ್ತಿರುವ ಹಾಗೆ ಮಂಜು.

ಪುಟ್ಟಗೌರಮ್ಮ ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡಳು. ಮೂರನೇ ಸಲ ನೋಡುವಾಗ ಮೆಲ್ಲಗೆ ಕೇಳಿದಳು.

"ಸದ್ದು ಬರಕ್ಕಿಲ್ವಾ ಶಂಕ್ರಣ್ಣ?"

"ಇಲ್ಲ ಕಣಕ್ಕ. ಮಳೆಗಾದ್ರೆ ಸದ್ದಿರ್ತದೆ. ಇದು ಸುಮ್ನೆ ಬೀಳ್ತದೆ. ಬೆಳಗ್ಗೆ ಎದ್ ಬಾಗ್ಲು ತೆಗೆದ್ರೆ ಎಲ್ಲಾ ಬೆಳ್ಳಗಾಗಿರ್ತದೆ, ಅಷ್ಟೆ."

ಅವಳು ಫೋನು ವಾಪಸು ಕೊಟ್ಟು ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಿದ್ದರಾಜು ಹೇಗೋ ತಡೆದುಕೊಳ್ಳುತ್ತಿದ್ದ.

"ಇದ್ನ ನೋಡಕ್ ಹೋಗಾನ, ಬತ್ತೀಯಾ ಅಂತ ನನ್ನ ಕೇಳಿದ್ರಾ?"

"ನೀನು ಬ್ಯಾಡ ಅಂತೀಯೆ ಅಂತ..."

"ಕೇಳಿದ್ರಾ ಅಂದೆ."

"ಇಲ್ಲ."

"ನೀವು ಡೈರೀಲಿ ಹಾಲು ಅಳೆಯೋವಾಗ ನಾನೇನು ಊಟಿ, ಕಾಶ್ಮೀರ ಸುತ್ತುತಿದ್ನಾ? ಮದ್ವೆಯಾಗಿ ಮೂವತ್ತೈದು ವರ್ಷ ಅದೇ ಕೊಟ್ಗೆ, ಅದೇ ಒಲೆ. ನಂಗೂ ಎಲ್ಲಿಗಾದ್ರೂ ಹೋಗ್ಬೇಕು ಅಂತ ಇರಕ್ಕಿಲ್ವಾ?"

ಸಿದ್ದರಾಜುವಿಗೆ ನಾಚಿಕೆಯಾಯಿತು. ಜೊತೆಗೆ ಒಂದು ಸಂತೋಷವೂ ಚಿಗುರಿತು. "ಬಾ ಮತ್ತೆ, ಈಗ್ಲೇ ಬಾ. ಇಬ್ರೂ ಹೋಗಾನ!"

"ನೀವೆಲ್ಲಿಗೆ ಬರೋದು?" ಅಂದಳು ಪುಟ್ಟಗೌರಮ್ಮ. "ಮಂಜುನಾಥನ ದರ್ಶನಕ್ಕೆ ಹೋಯ್ತೀನಿ ಅಂತ ಬಾಯಲ್ಲಿ ಆಡಿದ್ದೀರಿ. ಆ ಸ್ವಾಮಿ ಹೆಸ್ರೇಳಿ ಹೋಗ್ದಿದ್ರೆ ಮನೆ ಉಳಿದದಾ? ಆ ಬೆಟ್ಟದ ದಾರೀಲಿ ಗಾಡಿ ನೆಟ್ಟಗೆ ಹೋದದಾ? ನೀವು ಮೊದ್ಲು ಧರ್ಮಸ್ಥಳಕ್ಕೆ ಹೋಗಿ ತಪ್ಪಾಯ್ತು ಅನ್ನಿ."

"ನ್ಯಾಯ ಕಣವ್ವ" ಅಂದ ಚೌಡಯ್ಯ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು.

"ಹೋಗ್ ಬತ್ತೀನಿ. ಎರಡು ದಿನ ಕಾಯ್ರಿ" ಅಂದ ಸಿದ್ದರಾಜು.

ಶಂಕರ ತಲೆ ಕೆರೆದುಕೊಂಡ. "ಎರಡ್ ದಿನ ಕಾದ್ರೆ ನನ್ ಗಾಡಿ ಪರ್ಮಿಟ್ಟಿನ ತಾರೀಕು ಹೆಚ್ಚುಕಮ್ಮಿ ಆಯ್ತದೆ ಕಣ್ಲಾ..."

"ಅಕ್ಕನ್ನ ಒಬ್ಳೇ ಎಂಗೆ ಕಳ್ಸೋದು, ನಾನೂ ಬತ್ತೀನಿ" ಅಂತ ಶಿವಣ್ಣ ಆಗಲೇ ಮುಂದಿನ ಸೀಟು ಹತ್ತಿದ್ದ.

"ನಾನಿಲ್ದೆ ಪುಟ್ಟಗೌರ ಎಲ್ಲಿಗೂ ಹೋದೋಳಲ್ಲ" ಅಂದಳು ಚಿಕ್ಕಬೋರಮ್ಮ. ಅವಳು ವ್ಯಾನಿನಿಂದ ಇನ್ನೂ ಇಳಿದೇ ಇರಲಿಲ್ಲ. ಕೈಗವಸು ಮಾತ್ರ ಪುಟ್ಟಗೌರಮ್ಮನಿಗೆ ಕೊಟ್ಟಳು. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಬಟ್ಟೆಬರೆ ಹಿರಿಯೂರಲ್ಲಿ ತಗೊಳ್ಳುವುದು ಅಂತಾಯಿತು. ಮನೆಗಳಿಗೆ ಸುದ್ದಿ ಹೇಳುವುದು, ಹಸು ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡುವುದು ಲೋಕೇಶನ ಪಾಲಿಗೆ ಬಂತು. ಧರ್ಮಸ್ಥಳದ ಬಸ್ಸು ಸಿಗುವುದು ಬೆಳ್ಳೂರು ಕ್ರಾಸಿನಲ್ಲಿ. ಅಲ್ಲಿಯವರೆಗೆ ಸಿದ್ದರಾಜುವಿಗೂ ವ್ಯಾನಿನಲ್ಲಿ ಜಾಗ ಕೊಟ್ಟರು, ಗ್ಯಾಸ್ ಸಿಲಿಂಡರಿನ ಪಕ್ಕ. ಹಿಮಾಲಯದ ಗಾಡಿಯಲ್ಲಿ ಅವನ ಪ್ರಯಾಣ ಅರ್ಧ ಗಂಟೆಯದು. ಅಷ್ಟು ಹೊತ್ತೂ ಪುಟ್ಟಗೌರಮ್ಮ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಬಿಸಿಲಲ್ಲಿ ಒಣಗುತ್ತಿದ್ದ ರಾಗಿ ಮೆದೆಗಳನ್ನು ಇದೇ ಮೊದಲ ಸಲ ನೋಡುತ್ತಿರುವ ಹಾಗೆ ನೋಡುತ್ತಿದ್ದಳು. ಸಿದ್ದರಾಜು ಅವಳನ್ನು ಹಾಗೇ ನೋಡಿದ.

ಕ್ರಾಸಿನಲ್ಲಿ ಇಳಿಸಿದರು. ಪುಟ್ಟಗೌರಮ್ಮ ರವೆ ಉಂಡೆಯ ಡಬ್ಬಿ ಕೈಗಿತ್ತು, "ಜ್ವಾಪಾನ" ಅಂದಳು. ಹಳದಿ ವ್ಯಾನು ನೇರ ಉತ್ತರಕ್ಕೆ, ಮಾಯಸಂದ್ರದ ದಾರಿ ಹಿಡಿದು ಹೋಯಿತು. ಕಣ್ಣಿಗೆ ಕಾಣುವವರೆಗೂ ಅವನು ಅಲ್ಲೇ ನಿಂತಿದ್ದ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಬಿಳಿ ಪಂಚೆಯ ಒಬ್ಬ ಹಿರಿಯರು. ಹಾಸನದವರೆಗೆ ಮಾತಿಗೆ ಜನ ಸಿಕ್ಕಿತು ಅನ್ನುವ ಖುಷಿಯಲ್ಲಿ ಕೇಳಿದರು.

"ಧರ್ಮಸ್ಥಳಕ್ಕಾ? ಒಬ್ರೇನಾ?"

"ಊಂ."

"ಏನ್ ಹರಕೆ ಹೊತ್ತಿದ್ರಿ?"

ಸಿದ್ದರಾಜುವಿಗೆ ಇನ್ನು ಸುಳ್ಳು ಹೇಳುವ ಶಕ್ತಿಯಿರಲಿಲ್ಲ, ನಿಜ ಹೇಳುವ ಧೈರ್ಯವೂ ಇರಲಿಲ್ಲ. ಕಿಟಕಿಯಾಚೆ ನೋಡುತ್ತ, ಎರಡಕ್ಕೂ ನಡುವಿನದೊಂದು ಹೇಳಿದ.

"ನಮ್ಮನೆಯವ್ಳು ಒಂದ್ಸಲ ಮಂಜು ನೋಡ್ಲಿ ಅಂತ."

"ಅಬ್ಬಾ, ಎಂಥಾ ಗಂಡ!" ಅಂದರು ಹಿರಿಯರು. "ಈಡೇರ್ತಾ?"

ಸಿದ್ದರಾಜು ಕೈಗಡಿಯಾರ ನೋಡಿಕೊಂಡ.

"ಈಡೇರ್ತಾ ಅದೆ ಕಣಣ್ಣ. ಈಗ ಮಾಯಸಂದ್ರ ದಾಟಿರ್ಬೇಕು."