ಪೀಜಿ ನೋಡುವ ಶಾಸ್ತ್ರ

ರೇವಂತ್ ಕೆಟ್ಟದ್ದು ಬರೀ ಮರ್ಯಾದೆಯಿಂದ. ಭಾನುವಾರ ಬೆಳಿಗ್ಗೆ ಪೀಜಿ ಹುಡುಕಲು ಹೊರಟವನು ಹೊಸ್ತಿಲಲ್ಲಿ ನಿಂತು, ಬಾಯಿಮಾತಿಗೆ, "ನೀವೂ ಬನ್ನಿ ಅತ್ತೆ" ಎಂದ. ಇಂಥ ಮಾತಿಗೆ ಲೋಕವೆಲ್ಲ "ಇಲ್ಲಪ್ಪ, ನೀನ್ ಹೋಗ್ಬಾ" ಅನ್ನುತ್ತದೆ. ಸರ್ವಮಂಗಳತ್ತೆ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಆಗಿತ್ತು.

ಜಯನಗರದ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ ರೇವಂತ್, ಚಿತ್ರದುರ್ಗದಿಂದ ಬಂದು ತಿಲಕ್ ನಗರದ ಸೋದರತ್ತೆಯ ಮನೆಯಲ್ಲಿ ಇಳಿದು ವಾರವಾಗಿತ್ತು. ಅತ್ತೆಗೆ ಅವನೆಂದರೆ ಪ್ರಾಣ. ಆ ಪ್ರಾಣವೇ ಇವನ ಪ್ರಾಣ ಹಿಂಡುತ್ತಿತ್ತು. ಕೋಳಿಗಿಂತ ಮುಂಚೆ ಎಬ್ಬಿಸಿ ಕಷಾಯ ಕುಡಿಸುವುದು, ಬಚ್ಚಲಿನ ಬಾಗಿಲು ತಟ್ಟಿ "ಕಿವಿ ಹಿಂದೆ ತಿಕ್ಕೊಂಡ್ಯೇನೋ?" ಎಂದು ವಿಚಾರಿಸುವುದು, ಫೋನ್ ಬಂದರೆ "ಯಾರದು, ಸ್ಪೀಕರ್‌ಗೆ ಹಾಕು" ಎನ್ನುವುದು. ನಾಳೆಯಿಂದ ಕ್ಲಾಸು ಶುರು. ಇವತ್ತು ಒಂದು ಮಂಚ ಸಿಕ್ಕಿದರೆ ಬಚಾವ್. ಇಲ್ಲದಿದ್ದರೆ ಡಿಗ್ರಿ ಮುಗಿಯುವವರೆಗೂ ಕಷಾಯ.

ಬಿಟಿಎಂ ಲೇಔಟಿನ ಮೊದಲ ಪೀಜಿ ಅವನಿಗೆ ಹೊರಗಿನಿಂದಲೇ ಹಿಡಿಸಿತು. ಬಾಲ್ಕನಿ ತುಂಬ ಜೀನ್ಸ್ ಪ್ಯಾಂಟುಗಳು ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವು. ಅತ್ತೆಯ ವಯಸ್ಸಿನವರು ಒಬ್ಬರೂ ಕಾಣಲಿಲ್ಲ. ಆದರೆ ಅತ್ತೆ ಒಳಹೊಕ್ಕಿದ್ದು ಹೆಣ್ಣು ನೋಡಲು ಬಂದ ಬೀಗಿತ್ತಿಯ ಠೀವಿಯಲ್ಲಿ. ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತು, ಮಾಲೀಕ ಮುತ್ತುರಾಜನನ್ನು ಮೇಲಿಂದ ಕೆಳಗೆ ನೋಡಿದರು.

"ಅಡುಗೆಯವ್ರು ಯಾವ ಕಡೆಯವ್ರಪ್ಪ?"

"ಒಡಿಶಾ ಕಡೆ, ಮೇಡಂ."

"ಸಾರಿಗೆ ಒಗ್ಗರಣೆ ಮೊದ್ಲು ಹಾಕ್ತಾರೋ, ಕೊನೇಲೋ?"

"ಅದೂ... ಹಾಕ್ತಾರೆ ಮೇಡಂ."

"ಒಂದ್ ಸೌಟು ತರ್ಸು, ನೋಡೋಣ."

ಸಾರು ಬಂತು. ಅತ್ತೆ ಅಂಗೈಗೆ ಹಾಕಿಕೊಂಡು ನೆಕ್ಕಿ ಕಣ್ಣು ಮುಚ್ಚಿದರು. "ಬೇಳೆ ಇವತ್ತು ರಜಾ ಹಾಕಿದ್ಯಾ?"

ತಿಂಡಿಗೆ ಕೂತಿದ್ದ ಹುಡುಗರು ತಟ್ಟೆ ಬಡಿದು ಅನುಮೋದಿಸಿದರು. ಮುತ್ತುರಾಜ ರೇವಂತನನ್ನು ಪಕ್ಕಕ್ಕೆ ಕರೆದ. "ಗುರು, ನಿಂಗೆ ರೂಮ್ ಕೊಡೋಕೆ ನಂದೇನೂ ತಕರಾರಿಲ್ಲ. ಆದ್ರೆ ಇವ್ರು ನಿನ್ನ ನೋಡಕ್ಕೆ ಅಂತ ಬರ್ತಿರ್ತಾರಲ್ಲ... ನಂಗೆ ಬಿಪಿ ಇದೆ."

ಜೆಪಿ ನಗರದ ಪೀಜಿಯಲ್ಲಿ ಅತ್ತೆ ಅಡುಗೆಮನೆಯನ್ನು ಬಿಟ್ಟು ನೇರ ತಾರಸಿ ಹತ್ತಿದರು. ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ, ಒಳಗೆ ಕಂಡದ್ದರ ಬಗ್ಗೆ ರಸ್ತೆಗೆಲ್ಲ ಕೇಳುವಂತೆ ಕ್ರಿಕೆಟ್ ಕಾಮೆಂಟ್ರಿ ಕೊಟ್ಟರು. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಗೌರಮ್ಮನಿಗೆ ಅದೇ ಸಾಕಾಯಿತು.

"ನಾನ್ ಅವತ್ತಿಂದ ಬಡ್ಕೋತಿದೀನಿ ಕಣ್ರೀ. ಯಾರ್ ಕೇಳ್ತಾರೆ? ಮೋಟಾರ್ ರೂಮಲ್ಲಿ ಹೆಗ್ಗಣಾನೂ ಇದೆ, ಅದನ್ನೂ ನೋಡ್ಕೊಂಡ್ ಹೋಗಿ."

ಅತ್ತೆ, ರೇವಂತ್ ಇಬ್ಬರೂ ಹೆಗ್ಗಣ ನೋಡಿ ಕೆಳಗಿಳಿಯುವಷ್ಟರಲ್ಲಿ ಗೇಟಿಗೆ 'ಕೋಣೆ ಖಾಲಿ ಇಲ್ಲ' ಎಂಬ ಬೋರ್ಡು ತೂಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬನಶಂಕರಿ. ಮಾಲೀಕ ಸೋಮಲಿಂಗಪ್ಪ ದಣಿದ ಮುಖದವರು. ಅತ್ತೆ ಕಿಟಕಿಯ ಅಂಚಿಗೆ ಬೆರಳಾಡಿಸಿದರು, ದಿಂಬು ಮೂಸಿದರು, ಹಾಸಿಗೆಯಲ್ಲೇ ಇದ್ದ ಹುಡುಗನೊಬ್ಬನಿಗೆ "ಏಳೋ, ಸೂರ್ಯ ನೆತ್ತಿಗ್ ಬಂದ" ಎಂದರು. ಅವನು ಎದ್ದ. ಇನ್ನೊಬ್ಬ ತಾನಾಗಿ ಪೊರಕೆ ಹಿಡಿದ. ಮತ್ತೊಬ್ಬ ಬಕೆಟ್ ತಂದ. ಮುಗಿಯಿತು, ಇಲ್ಲಿಂದಲೂ ದಬ್ಬಿಸಿಕೊಳ್ಳುವುದೇ ಎಂದು ರೇವಂತ್ ಬ್ಯಾಗು ಹೆಗಲಿಗೇರಿಸಿದ.

ಸೋಮಲಿಂಗಪ್ಪ ಕೈಮುಗಿದರು. "ತಾಯಿ, ನಮ್ಮ ವಾರ್ಡನ್ ಹೇಳ್ದೆ ಕೇಳ್ದೆ ಓಡೋದ. ಈ ಹುಡುಗ್ರು ನನ್ ಮಾತಿಗೆ ಕೊಡೆ ಕೂಡ ಮಡಚಲ್ಲ. ನೀವೇ ಇಲ್ಲಿ ಉಳ್ಕೊಂಡು ನೋಡ್ಕೊಳ್ಳೋದಾದ್ರೆ, ನಿಮಗೊಂದು ರೂಮು, ನಿಮ್ಮ ಹುಡುಗಂಗೆ ಕಿಟಕಿ ಪಕ್ಕದ ಮಂಚ."

ಅತ್ತೆಯ ಮುಖ ಬಾಣಲೆಯಲ್ಲಿ ಆಗತಾನೆ ಉಬ್ಬಿದ ಪೂರಿಯಂತಾಯಿತು. "ಇಷ್ಟ್ ಜನ ಹುಡುಗ್ರು. ಒಬ್ಬಂಗೂ ಕಷಾಯ ಅಂದ್ರೇನು ಅಂತ ಗೊತ್ತಿಲ್ವೇನೋ, ಪಾಪ."

ಅಂದರೆ ರೇವಂತನಿಗೆ ಇಲ್ಲೂ ಕಷಾಯ ತಪ್ಪಿದ್ದಲ್ಲ. ಮರುಕ್ಷಣ ತಲೆಯಲ್ಲಿ ಟ್ಯೂಬ್‌ಲೈಟ್ ಹತ್ತಿತು. ಅತ್ತೆ ಇಲ್ಲಿಗೆ ಬಂದರೆ ತಿಲಕ್ ನಗರದಲ್ಲಿ ಉಳಿಯುವವರು ಚಿದಾನಂದ ಮಾವ ಒಬ್ಬರೇ. ನಿವೃತ್ತ ಲೆಕ್ಕದ ಮೇಷ್ಟ್ರು. ವಾರವಿಡೀ ಅವರ ಬಾಯಿಂದ ಬಂದದ್ದು 'ಹೂಂ' ಒಂದೇ. ಪಾಯಸ ಮಾಡಿದ ದಿನ ಮಾತ್ರ 'ಹೂಂ ಹೂಂ'.

"ಅತ್ತೆ," ಎಂದ ರೇವಂತ್, ಧಾರಾವಾಹಿಯ ತ್ಯಾಗಮಯಿ ಸೊಸೆಯ ದನಿ ತೆಗೆದು, "ನೀವು ಬನ್ನಿ ಇಲ್ಲಿಗೆ. ಆ ಮಂಚ ಬೇರೆ ಯಾರಾದ್ರೂ ಬಡವರ ಮಕ್ಳಿಗೆ ಆಗ್ಲಿ. ನಾನು ಮನೇಲಿದ್ದು ಮಾವನ್ನ ನೋಡ್ಕೋತೀನಿ. ಪಾಪ, ಒಬ್ರೇ ಆಗ್ಬಿಡ್ತಾರೆ."

ಅತ್ತೆಯ ಕಣ್ಣು ತುಂಬಿತು. "ನೋಡ್ರೀ ಸೋಮಲಿಂಗಪ್ಪನೋರೇ, ನಮ್ಮಣ್ಣನ ಮಗ."

ಸಂಜೆಗೇ ಸೂಟ್‌ಕೇಸು, ಒರಳುಕಲ್ಲು ಸಮೇತ ಅತ್ತೆಯನ್ನು ಆಟೋದಲ್ಲಿ ಬನಶಂಕರಿಗೆ ಮುಟ್ಟಿಸಿ, ದಾರಿಯಲ್ಲಿ ಬಿಸಿ ಬಜ್ಜಿ ಕಟ್ಟಿಸಿಕೊಂಡು ರೇವಂತ್ ಮನೆಗೆ ಬಂದ. ಟೀವಿ ಹಾಕಿ, ಸೋಫಾದಲ್ಲಿ ಬಿದ್ದುಕೊಂಡು ಕಾಲನ್ನು ಟೀಪಾಯಿಯ ಮೇಲೆ ಚಾಚಿದ. ಸ್ವರ್ಗ ತಿಲಕ್ ನಗರದಲ್ಲೇ ಇತ್ತು.

ಚಿದಾನಂದ ಮಾವ ಒಳಗಿನಿಂದ ಬಂದರು. ಬಾಗಿಲ ಚಿಲಕ ಹಾಕಿದರು. ಟೀವಿ ಆರಿಸಿದರು. ಕುರ್ಚಿ ಎಳೆದುಕೊಂಡು ಅವನೆದುರು ಕೂತರು.

"ಹೋದ್ಳಾ?"

"ಹೂಂ ಮಾವ."

"ವಾಪಸ್ ಬರಲ್ಲ ತಾನೆ?"

"ಸದ್ಯಕ್ಕಿಲ್ಲ."

ಮಾವ ಗಂಟಲು ಸರಿಮಾಡಿಕೊಂಡರು. "ಮದುವೆ ಆದಾಗಿಂದ ಈ ಮನೇಲಿ ನಾನೊಂದು ವಾಕ್ಯ ಪೂರ್ತಿ ಮುಗಿಸಿಲ್ಲ ಕಣಪ್ಪ. ಶುರು ಮಾಡಿದ್ನೆಲ್ಲಾ ಅವಳೇ ಮುಗಿಸೋಳು. ಎಲ್ಲಾ ಹಾಗ್ಹಾಗೇ ಒಳಗಿದೆ. ನನ್ನ ಬಾಲ್ಯದಿಂದ್ಲೇ ಹೇಳ್ತೀನಿ, ಇಲ್ಲಾಂದ್ರೆ ನಿಂಗೆ ಮುಂದಿಂದು ಅರ್ಥ ಆಗಲ್ಲ."

ಮಾವ ಕತೆಯಲ್ಲಿ ಎರಡನೇ ಕ್ಲಾಸು ಪಾಸಾಗುವಷ್ಟರಲ್ಲಿ ಬಜ್ಜಿ ತಣ್ಣಗಾಗಿತ್ತು. ರೇವಂತ್ ಮೆಲ್ಲಗೆ ಗಡಿಯಾರದ ಕಡೆ ನೋಡಿದ.

"ಅವಸರ ಏನಿಲ್ಲಪ್ಪ," ಎಂದರು ಮಾವ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು. "ನಿಂದು ಡಿಗ್ರಿ ಮೂರು ವರ್ಷ ಅಲ್ವಾ?"