ಪತ್ತಾರರು ಆಕಾಶಕ್ಕೆ ಹಾಕಿದ ತೇಪೆ

ಹುಬ್ಬಳ್ಳಿಯ ಮೌನೇಶ ಪತ್ತಾರರು ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವರು. ಹಳೇ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಟ್ಟು ಹೊಸದು ತುಂಬುವುದು ಅವರ ರೂಢಿ. ಆ ಗ್ಯಾಸೇ ಆಕಾಶದ ಓಝೋನ್ ಪದರವನ್ನು ತೆಳ್ಳಗೆ ಮಾಡಿತೆಂದೂ, ದೇಶದೇಶಗಳು ಒಪ್ಪಂದ ಮಾಡಿಕೊಂಡು ಅದನ್ನು ನಿಲ್ಲಿಸಬೇಕಾಯಿತೆಂದೂ ಓಝೋನ್ ದಿನದ ಸಭೆಯಲ್ಲಿ ಪರಿಸರ ಅಧಿಕಾರಿಯೊಬ್ಬರು ವಿವರಿಸಿದರು. ಅವತ್ತು ಪತ್ತಾರರಿಗೆ ಊಟ ಸೇರಲಿಲ್ಲ.

“ಜಗತ್ತಿನ ದೇಶ ಎಲ್ಲಾ ಕೂಡಿ ಹೊಲಿಯಾಕ ಹತ್ಯಾವು. ಹರದಾಂವ ನಾ,” ಎಂದರು ಹೆಂಡತಿ ಪ್ರೇಮವ್ವನಿಗೆ.

ಮರುದಿನದಿಂದ ಮಾಳಿಗೆಯ ಮೇಲೆ ಕುಟ್ಟುವ ಸದ್ದು. ಹಳೇ ಟೀವಿಯ ಟ್ರಾನ್ಸ್‌ಫಾರ್ಮರ್, ಕೂಲರಿನ ಫ್ಯಾನು, ಹನ್ನೆರಡು ಅಡಿ ಪೈಪು ಸೇರಿ ತಿಂಗಳೊಳಗೆ ಓಝೋನ್ ತಯಾರಿಸಿ ಮೇಲಕ್ಕೆ ಬಿಡುವ ಯಂತ್ರವಾಯಿತು. ಓಣಿಯವರನ್ನೆಲ್ಲ ಕರೆದು ಗುಂಡಿ ಒತ್ತಿದಾಗ ನೀಲಿ ಕಿಡಿ ಹಾರಿ, ಸಿಡಿಲು ಬಡಿದಂಥ ವಾಸನೆ ಬಂತು. ಆ ಪದರ ಎಷ್ಟು ಎತ್ತರದಲ್ಲಿದೆ ಎಂದು ಪ್ರೇಮವ್ವ ಕೇಳಿದರು. ಇಪ್ಪತ್ತೈದು ಕಿಲೋಮೀಟರ್ ಎಂಬ ಉತ್ತರ ಬಂತು. ಪೈಪು ಮುಗಿದ ಮೇಲೆ ಹೇಗೆ ಎಂದದ್ದಕ್ಕೆ, ಅಲ್ಲಿಂದ ಮುಂದೆ ಓಝೋನ್ ತಾನೇ ಏರಿಕೊಳ್ಳುತ್ತದೆ ಎಂದರು ಪತ್ತಾರರು.

ಅದು ಏರಲಿಲ್ಲ, ಓಣಿಗೆ ಇಳಿಯಿತು. ಮೊದಲು ಎಲ್ಲರಿಗೂ ಕೆಮ್ಮು ಹತ್ತಿತು. ಪಕ್ಕದ ಮನೆಯ ನದಾಫ ಮಾಸ್ತರರ ನೀಲಿ ಅಂಗಿ ಹಗ್ಗದ ಮೇಲೇ ಬಿಳಿಚಿಕೊಂಡಿತು. ಆಮೇಲೆ ರಬ್ಬರಿನ ಸರದಿ. ಹವಾಯಿ ಚಪ್ಪಲಿಗಳ ಪಟ್ಟಿ ತುಂಡಾದವು, ಪ್ರೇಮವ್ವನ ಕುಕ್ಕರಿನ ರಿಂಗು ಪುಡಿಯಾಯಿತು. ಎರಡು ವಾರದಲ್ಲಿ ಓಣಿಯ ಅಷ್ಟೂ ಸ್ಕೂಟರುಗಳ ಟೈರು ಬೇಸಿಗೆಯ ಕೆರೆಯಂತೆ ಬಿರುಕುಬಿಟ್ಟವು. ಒಳಗೆ ಬಂದ ಆಟೋ ಹೊರಗೆ ಹೋಗಲಿಲ್ಲ.

ಮಾಸ್ತರರು ದೂರು ಕೊಟ್ಟರು. ಅದೇ ಅಧಿಕಾರಿ ಕೆಮ್ಮುತ್ತ ಮಾಳಿಗೆ ಹತ್ತಿ, “ಓಝೋನ್ ಮೇಲಿದ್ದರೆ ಕೊಡೆ, ಕೆಳಗಿದ್ದರೆ ವಿಷ ಪತ್ತಾರರೇ,” ಎಂದು ತಾವೇ ತಂತಿ ಕಿತ್ತರು. ಗಂಡ ತಲೆ ತಗ್ಗಿಸಿ ಪೈಪು ಬಿಚ್ಚುವುದನ್ನು ನೋಡಲಾಗದೆ ಪ್ರೇಮವ್ವ ಒಳಗೆ ಹೋಗಿ ಚಹಾಕ್ಕಿಟ್ಟರು.

ಮುಂದಿನ ತಿಂಗಳು ಊರಿನ ಗಾಳಿ ಅಳೆಯಲು ವಿದೇಶಿ ತಂಡವೊಂದು ಬಂತು. ಊರೆಲ್ಲ ಹೊಗೆ. ಹೊಸ ಟೈರಿಗೆ ಇನ್ನೂ ದುಡ್ಡು ಹೊಂದದ ಇದೊಂದು ಓಣಿಯಲ್ಲಿ ಮಾತ್ರ ವಾಹನವೇ ಇಲ್ಲ, ಎಲ್ಲರೂ ನಡೆದೇ ಓಡಾಡುತ್ತಿದ್ದಾರೆ. ಪರಿಸರಪ್ರೇಮದಿಂದ ವಾಹನ ತ್ಯಜಿಸಿದ ಓಣಿ ಎಂದು ತಂಡ ಬರೆದುಕೊಂಡಿತು, ಪ್ರಶಸ್ತಿಯನ್ನೂ ಸಾರಿತು.

ಸನ್ಮಾನದ ದಿನ ಪತ್ತಾರರು ನಿಜ ಹೇಳಿಬಿಡುತ್ತೇನೆಂದು ಮೈಕಿನತ್ತ ಹೊರಟರು. ಅಧಿಕಾರಿ ಅವರ ಕೈ ಹಿಡಿದು ಜಗ್ಗಿದರು.

“ಕೂತ್ಕೊಳ್ಳಿ. ವರದಿ ಮೇಲಕ್ಕೆ ಹೋಗಿಯಾಗಿದೆ. ಇನ್ನು ಕೆಳಗೆ ತರೋಕಾಗಲ್ಲ.”

ಆ ಓಣಿಯಲ್ಲಿ ಯಾರೂ ಹೊಸ ಟೈರು ಹಾಕಿಸಕೂಡದೆಂದು ಮರುವಾರ ಆದೇಶ ಬಂತು.